ಹಳೆಯ ಗಾಳದ ರೀಲಿಗೆ ಸೀಮೆಎಣ್ಣೆಯೋ, ಸೋಪಿನ ನೀರೋ, ಹುಣಸೆಹುಳಿಯೋ: ಎರಡು ರೀಲುಗಳ ಮೇಲೆ ಮಾಡಿ ನೋಡಿದ ಹೋಲಿಕೆ

ಅಟ್ಟದಿಂದ ಇಳಿಸಿದ ಹಳೆಯ ಗಾಳದ ರೀಲನ್ನು ಶುಚಿಗೊಳಿಸಲು ಯಾವುದು ಒಳ್ಳೆಯದು ಎಂದು ಕೇಳಿದರೆ, ಒಬ್ಬರು ಸೀಮೆಎಣ್ಣೆ ಎನ್ನುತ್ತಾರೆ, ಇನ್ನೊಬ್ಬರು ವಿನೆಗರ್ ಎನ್ನುತ್ತಾರೆ, ಮನೆಯ ಹಿರಿಯರು ಹುಣಸೆಹಣ್ಣನ್ನೇ ಮುಂದಿಡುತ್ತಾರೆ. ಈ ಮೂರರ ಜೊತೆಗೆ ಸೋಪಿನ ನೀರು, ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಪಾಲಿಶ್ ಮತ್ತು ಆಭರಣದ ಅಂಗಡಿಗಳಲ್ಲಿರುವ, ಧ್ವನಿತರಂಗಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ತೊಟ್ಟಿಯನ್ನೂ ಸೇರಿಸಿ ನಾನು ಎರಡು ರೀಲುಗಳ ಮೇಲೆ ಹೋಲಿಸಿ ನೋಡಿದ್ದೇನೆ. ಒಂದು ಸ್ವೀಡನ್ನಿನ ಅಬು ಸಂಸ್ಥೆಯ ಕೆಂಪು ಬಣ್ಣದ ಅಂಬಾಸಡೂರ್ 5000. ಅದನ್ನು ನನ್ನ ಸೋದರಮಾವ ಕಬಿನಿಯಲ್ಲಿ ಗೆಂಡೆ ಮೀನಿಗೆ ಬಳಸುತ್ತಿದ್ದರು. ಮತ್ತೊಂದು ಫ್ರಾನ್ಸಿನ ಮಿಚೆಲ್ 300; ಅದು ಮಲ್ಪೆಯ ಕಡಲತೀರದಲ್ಲಿ ಬಹುಕಾಲ ದುಡಿದು, ಉಪ್ಪು ಕುಡಿದು, ಹಿಡಿಕೆ ತಿರುಗದ ಸ್ಥಿತಿಯಲ್ಲಿ ನನ್ನ ಕೈಸೇರಿತು. ಕಠಿಣವಾದ ಪ್ರಯೋಗಗಳನ್ನು ಮಾತ್ರ ಬಿಡಿಭಾಗಗಳಿಗೆಂದು ಕೊಂಡಿದ್ದ ಮುರುಕು ರೀಲೊಂದರ ಮೇಲೆ ಮಾಡಿದೆ.

ಇವೆರಡನ್ನೂ ಆರಿಸಿಕೊಳ್ಳಲು ಕಾರಣವಿದೆ. ಎರಡರ ಹಿನ್ನೆಲೆಯೂ ಗಡಿಯಾರದ ಕಸುಬು. ಅಬು ಎಂಬುದು 1921ರಲ್ಲಿ ಸ್ವಾಂಗ್ಸ್ಟಾ ಎಂಬ ಊರಿನಲ್ಲಿ ಗಡಿಯಾರದ ಕಾರ್ಖಾನೆಯಾಗಿ ಆರಂಭವಾಗಿ, ಟ್ಯಾಕ್ಸಿ ಮೀಟರುಗಳನ್ನು ತಯಾರಿಸುತ್ತಿದ್ದು, ಆಮೇಲೆ ರೀಲಿಗೆ ಕೈಹಾಕಿದ ಸಂಸ್ಥೆ. ಮಿಚೆಲ್ ತಯಾರಿಸಿದ ಕಾರ್ಪಾನೋ ಎ ಪೋನ್ಸ್ ಸಂಸ್ಥೆಯ ನೆಲೆಯಾದ ಕ್ಲೂಸ್ ಪಟ್ಟಣದಲ್ಲಿ 1848ರಿಂದಲೇ ಗಡಿಯಾರ ತಯಾರಿಕೆಯ ಶಾಲೆಯಿತ್ತು. ಆದ್ದರಿಂದ ಎರಡರ ಒಳಗೂ ಬಿಗಿಯಾಗಿ ಕೂರುವ ಸಣ್ಣ ಸಣ್ಣ ಭಾಗಗಳಿವೆ, ಆದರೆ ಹೊರಗಿನ ಲೋಹಗಳು ಮಾತ್ರ ಪೂರ್ತಿ ಬೇರೆ. ಯಾವ ಲೋಹ, ಅದರ ಮೇಲೆ ಯಾವ ಲೇಪ ಎಂಬುದನ್ನು ತಿಳಿಯದೆ ಶುಚಿಗೆ ಇಳಿಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಗುರುತಿಸುವ ಕೆಲಸವನ್ನು ಮೊದಲು ಮುಗಿಸಬೇಕಾದದ್ದು ಈ ಕಾರಣಕ್ಕಾಗಿಯೇ.

ಅಂಬಾಸಡೂರ್ 5000 ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ರೀಲನ್ನು ಕೋಲಿಗೆ ಕಟ್ಟುವ ಪಾದದ ಅಡಿಭಾಗವನ್ನು ಮೊದಲು ನೋಡಬೇಕು. ಅಲ್ಲಿ ಅಂಕಿಗಳಿದ್ದರೆ ಮೊದಲ ಎರಡು ವರ್ಷವನ್ನೂ ನಂತರದ ಎರಡು ತಿಂಗಳನ್ನೂ ಹೇಳುತ್ತವೆ: 7503 ಎಂದು ಆರಂಭವಾದರೆ ಅದು 1975ರ ಮಾರ್ಚ್ ತಿಂಗಳದ್ದು. ಈ ಪದ್ಧತಿ ಬಂದದ್ದು 1970ರ ದಶಕದಲ್ಲಿ. ಅಂಕಿಯೇ ಇಲ್ಲದಿದ್ದರೆ ರೀಲು ಅದಕ್ಕಿಂತ ಹಳೆಯದಾಗಿರುವ ಸಂಭವವೇ ಹೆಚ್ಚು. ಮೈಮೇಲೆ ‘ಅಬು ಗಾರ್ಸಿಯಾ’ ಎಂಬ ಜೋಡಿ ಹೆಸರಿದ್ದರೆ ಅದು ಸುಮಾರು 1980ರ ನಂತರದ್ದು. ಇದರ ಪಕ್ಕದ ತಟ್ಟೆಗಳು ಆನೋಡೈಸ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಮೇಲ್ಪದರವನ್ನು ಗಟ್ಟಿಗೊಳಿಸಿ ಬಣ್ಣ ಹಿಡಿಸಿದ ಅಲ್ಯೂಮಿನಿಯಂ. ಚೌಕಟ್ಟು ಕ್ರೋಮ್ ಲೇಪಿಸಿದ ಹಿತ್ತಾಳೆ. ಒಳಗಿನ ಮುಖ್ಯ ಗೇರು ಬರಿಯ ಹಿತ್ತಾಳೆ. ಹೀಗೆ ಒಂದೇ ರೀಲಿನಲ್ಲಿ ಮೂರು ಬಗೆಯ ಮೇಲ್ಮೈಗಳಿದ್ದು, ಮೂರಕ್ಕೂ ಒಂದೇ ಉಪಚಾರ ಒಗ್ಗುವುದಿಲ್ಲ.

ಮಿಚೆಲ್‌ನ ಮೂಲ ವಿನ್ಯಾಸ 1939ರದ್ದು. 300 ಎಂಬ ಸಂಖ್ಯೆ ಅಂಟಿಕೊಂಡದ್ದು ಆಮೇಲೆ. ದಾರವನ್ನು ಹಿಡಿದು ಸುತ್ತುವ ಬೇಲ್ ತಂತಿ ಅರ್ಧ ಮಾತ್ರ ಇದ್ದರೆ ಅದು ಆರಂಭಿಕ ಕಾಲದ ರೀಲು, ಪೂರ್ತಿ ಕಮಾನಿನಂತಿದ್ದರೆ ನಂತರದ್ದು. ಹಿಡಿಕೆ ಎಡಗಡೆಗಿದ್ದರೆ 300, ಬಲಗಡೆಗಿದ್ದರೆ 301. ಇದರ ಮೈ ಎರಕದ ಅಲ್ಯೂಮಿನಿಯಂ ಮಿಶ್ರಲೋಹ, ಮೇಲೆ ಕಪ್ಪು ಎನಾಮಲ್ ಬಣ್ಣ. ಅಂಬಾಸಡೂರಿನ ಕೆಂಪು ಲೋಹದ ಮೇಲ್ಪದರದೊಳಗೇ ಇಳಿದಿರುತ್ತದೆ. ಮಿಚೆಲ್‌ನ ಕಪ್ಪು ಲೋಹದ ಮೇಲೆ ಕೂತಿರುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಫಲಿತಾಂಶಗಳು ಆಶ್ಚರ್ಯ ಹುಟ್ಟಿಸುವುದಿಲ್ಲ.

ಬಿಚ್ಚುವುದರಲ್ಲಿ ಎರಡೂ ಸರಳವೇ. ಅಂಬಾಸಡೂರಿನ ಹಿಡಿಕೆಯ ಕಡೆಯ ತಟ್ಟೆ ಬೆರಳಿನಿಂದಲೇ ತಿರುಗಿಸಬಹುದಾದ ಮೂರು ತಿರುಪುಗಳ ಮೇಲೆ ನಿಂತಿದೆ. ಬಿಚ್ಚಿದ ಭಾಗಗಳನ್ನು ನಾನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡುತ್ತೇನೆ. ಸಣ್ಣ ಸ್ಪ್ರಿಂಗ್ ಉರುಳಿ ಹೋಗುವುದಿಲ್ಲ, ಜೋಡಿಸುವಾಗ ಕ್ರಮವೂ ತಪ್ಪುವುದಿಲ್ಲ. ತಿರುಪಿನ ಸೀಳಿಗೆ ಸರಿಯಾಗಿ ಕೂರುವ, ಗಡಿಯಾರ ರಿಪೇರಿಯವರು ಬಳಸುವಂಥ ಸಣ್ಣ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಕೆಲಸವನ್ನು ಅದು ಸಿಗುವವರೆಗೆ ಮುಂದೂಡುವುದು ಮೇಲು.

ಈಗ ಹೋಲಿಕೆಗೆ ಬರೋಣ. ಒಳಗಿನ ಗಟ್ಟಿಯಾದ ಗ್ರೀಸಿನ ವಿಷಯದಲ್ಲಿ ಸೀಮೆಎಣ್ಣೆಗೆ ಸಮನಾದದ್ದು ಬೇರೊಂದಿಲ್ಲ. ಗ್ರೀಸ್ ಎಂಬುದು ಎಣ್ಣೆಯನ್ನು ಒಂದು ಬಗೆಯ ಸಾಬೂನಿನಿಂದ ಗಟ್ಟಿಗೊಳಿಸಿದ ಪದಾರ್ಥ. ದಶಕಗಳು ಕಳೆದಂತೆ ಎಣ್ಣೆ ಹಾರಿಯೂ ಕೆಟ್ಟೂ ಹೋಗಿ ಉಳಿಯುವುದು ಕಂದು ಬಣ್ಣದ ಅಂಟು ಮಾತ್ರ. ಮಿಚೆಲ್‌ನ ಪಕ್ಕದ ಮುಚ್ಚಳ ತೆಗೆದಾಗ ಗೇರಿನ ಹಲ್ಲುಗಳ ನಡುವೆ ಜೋನಿಬೆಲ್ಲದ ಬಣ್ಣದ ಈ ಅಂಟು ಎಷ್ಟು ಗಟ್ಟಿಯಾಗಿತ್ತೆಂದರೆ, ಬೆರಳಿನ ಉಗುರು ಅದರ ಮೇಲೆ ಗೆರೆಯನ್ನಷ್ಟೇ ಮೂಡಿಸುತ್ತಿತ್ತು. ಬಿಸಿ ಸೋಪಿನ ನೀರಿಗೆ ಅದು ಮೇಲ್ಪದರದಲ್ಲಿ ಮಾತ್ರ ಸಡಿಲಗೊಂಡಿತು. ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದ ಗೇರುಗಳಿಂದ ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನ ಒಂದೆರಡು ಎಳೆತಕ್ಕೇ ಬಿಟ್ಟುಬಂದಿತು. ಆದರೆ ನೆನೆಸಬೇಕಾದದ್ದು ಬಿಚ್ಚಿದ ಲೋಹದ ಭಾಗಗಳನ್ನು ಮಾತ್ರ. ಬಣ್ಣ ಬಳಿದ ಮೈ, ಪ್ಲಾಸ್ಟಿಕ್ ಹಿಡಿಕೆಗುಂಡು, ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಡ್ರ್ಯಾಗ್‌ನ ಚರ್ಮದ ಅಥವಾ ನಾರಿನ ವಾಷರುಗಳು ಅದರೊಳಗೆ ಬೀಳಬಾರದು. ಎಣ್ಣೆ ಹೀರಿದ ವಾಷರು ಮತ್ತೆ ಮೊದಲಿನ ಹಿಡಿತ ಕೊಡುವುದಿಲ್ಲ. ಪಡಿತರ ಅಂಗಡಿಯಲ್ಲಿ ಸಿಗುತ್ತಿದ್ದ ಸೀಮೆಎಣ್ಣೆ ಈಗ ಸುಲಭಕ್ಕೆ ದೊರೆಯದು. ಬಣ್ಣದ ಅಂಗಡಿಯ ಟರ್ಪೆಂಟೈನ್ ಬಳಸಬಹುದು, ಆದರೆ ಅದರ ವಾಸನೆ ತೀಕ್ಷ್ಣ, ಎನಾಮಲ್ ಬಣ್ಣದ ಮೇಲೆ ಅದು ಇನ್ನಷ್ಟು ಅಪಾಯಕಾರಿ. ಯಾವುದನ್ನೇ ಬಳಸಿದರೂ ಕಿಟಕಿ ತೆರೆದಿರಲಿ, ಒಲೆಯಿಂದ ದೂರವಿರಲಿ.

ಹೊರಮೈಗೆ ಮಾತ್ರ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ್ದೇ ಎಲ್ಲಕ್ಕಿಂತ ಉತ್ತಮ. ಅಂಬಾಸಡೂರಿನ ಕೆಂಪು ತಟ್ಟೆಯ ಮೇಲಿನ ಕೊಳೆ ಹತ್ತಿ ಬಟ್ಟೆಗೆ ಸುಲಭವಾಗಿ ಬಂದಿತು, ಬಣ್ಣಕ್ಕೆ ಏನೂ ಆಗಲಿಲ್ಲ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ವಾಷಿಂಗ್ ಸೋಡಾ ಬೆರೆಸಿದ ನೀರು ಆನೋಡೈಸ್ ಪದರವನ್ನು ಕರಗಿಸುತ್ತದೆ. ಮುರುಕು ರೀಲಿನ ತಟ್ಟೆಯ ಅರ್ಧಭಾಗವನ್ನು ಸೋಡಾ ನೀರಿನಲ್ಲಿ ಇಳಿಬಿಟ್ಟು ನೋಡಿದಾಗ, ಮುಳುಗಿದ ಅರ್ಧ ಬೂದಿ ಛಾಯೆಗೆ ತಿರುಗಿ, ಗಡಿಗೆರೆ ಎಳೆದಷ್ಟು ಸ್ಪಷ್ಟವಾಗಿ ಕಂಡಿತು. ಆ ಕೆಂಪನ್ನು ಮನೆಯಲ್ಲಿ ಮರಳಿ ತರುವ ದಾರಿಯಿಲ್ಲ. ಪಾತ್ರೆ ತಿಕ್ಕುವ ಸೋಪಿನ ಬಿಲ್ಲೆಯೂ ಬೇಡ. ಅದರಲ್ಲಿ ಉಜ್ಜುಪುಡಿ ಇರುತ್ತದೆ.

ಕಿಲುಬಿನ ವಿಷಯದಲ್ಲಿ ಹುಣಸೆ ಮತ್ತು ವಿನೆಗರ್ ನೇರ ಸ್ಪರ್ಧಿಗಳು. ಎರಡೂ ಆಮ್ಲಗಳೇ, ಎರಡೂ ಹಿತ್ತಾಳೆಯ ಹಸಿರನ್ನು ಕರಗಿಸುತ್ತವೆ. ನನ್ನ ಅನುಭವದಲ್ಲಿ ಹುಣಸೆ ಮೇಲು, ಏಕೆಂದರೆ ಅದನ್ನು ಗಟ್ಟಿ ರಸವಾಗಿ ಕಿಲುಬು ಇದ್ದಲ್ಲಿಗೆ ಮಾತ್ರ ಹಚ್ಚಿ, ಕಣ್ಣೆದುರೇ ಗಮನಿಸುತ್ತ, ತಕ್ಷಣ ತೊಳೆಯಬಹುದು. ವಿನೆಗರಿನಲ್ಲಿ ಭಾಗವನ್ನು ಮುಳುಗಿಸಿ ಮರೆತುಬಿಡುವ ಪ್ರಲೋಭನೆ ಹೆಚ್ಚು. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಯ ಮೇಲ್ಪದರದ ಸತು ಹೊರಟುಹೋಗಿ ತಾಮ್ರದ ಗುಲಾಬಿ ಬಣ್ಣ ಇಣುಕುತ್ತದೆ. ಆದರೆ ಹುಣಸೆಯನ್ನು ನಮ್ಮ ಮನೆಗಳಲ್ಲಿ ಬಿಂದಿಗೆ, ದೀಪ ತಿಕ್ಕುವಾಗಿನಂತೆ ಉಪ್ಪು ಸೇರಿಸಿ ಬಳಸುವುದು ರೀಲಿಗೆ ಸಲ್ಲದು. ಕ್ರೋಮ್ ಲೇಪದ ಸೂಕ್ಷ್ಮ ರಂಧ್ರಗಳೊಳಗೆ ಉಪ್ಪು ಇಳಿದರೆ ಕೆಳಗಿನ ಹಿತ್ತಾಳೆ ಮತ್ತೆ ಹಸಿರಾಗುತ್ತದೆ. ಅಲ್ಯೂಮಿನಿಯಂಗಂತೂ ಉಪ್ಪೇ ಶತ್ರು. ಉಪ್ಪಿಲ್ಲದ ಹುಣಸೆರಸ, ಅದೂ ಬಿಚ್ಚಿ ತೆಗೆದ ಬರಿಯ ಹಿತ್ತಾಳೆಯ ಗೇರಿಗೆ ಮಾತ್ರ, ಆನಂತರ ಧಾರಾಳ ನೀರು, ಒಣಬಟ್ಟೆ, ತಡಮಾಡದೆ ತೆಳುವಾದ ಎಣ್ಣೆ. ಕ್ರೋಮ್ ಮೇಲಿನ ಕಿಲುಬಿಗೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಬಿದಿರಿನ ಕಡ್ಡಿಯಿಂದ ಎಬ್ಬಿಸುವುದು ನಿಧಾನವಾದರೂ ಲೇಪವನ್ನು ಉಳಿಸುತ್ತದೆ. ಉಕ್ಕಿನ ಜುಂಗು ತಾಗಿಸಲೇಬಾರದು.

ಹಿತ್ತಾಳೆ ಪಾಲಿಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಹೊಳಪು ಕೊಡುತ್ತದೆ, ಅಕ್ಷರಗಳ ಅಂಚನ್ನು ಸವೆಸುತ್ತದೆ, ಸಂದುಗಳಲ್ಲಿ ಬಿಳಿ ಪುಡಿ ಬಿಡುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿ ಒಂದೇ ಒಂದು ಭಾಗಕ್ಕೆ ಅತ್ಯುತ್ತಮವೆನಿಸಿತು: ಅಂಬಾಸಡೂರಿನಲ್ಲಿ ದಾರವನ್ನು ಅಡ್ಡಡ್ಡಲಾಗಿ ಸಮನಾಗಿ ಹಾಸುವ ವರ್ಮ್ ದಂಡ. ಒಂದನ್ನೊಂದು ಕತ್ತರಿಸಿ ಹಾಯುವ ಅದರ ತೋಡುಗಳಲ್ಲಿ ಮರಳಿನ ಕಣ ಸಿಕ್ಕಿಕೊಂಡರೆ ಬ್ರಷ್ ಅಲ್ಲಿಗೆ ಪೂರ್ತಿ ತಲುಪುವುದಿಲ್ಲ. ಆ ತೋಡಿನಲ್ಲಿ ಓಡಾಡುವ, ಪಾಲ್ ಎಂಬ ಸಣ್ಣ ಹಲ್ಲಿನ ತುದಿ ಸವೆದಿದೆಯೇ ಎಂದು ಇದೇ ಸಮಯದಲ್ಲಿ ಭೂತಗನ್ನಡಿಯಲ್ಲಿ ನೋಡಬೇಕು. ಈ ರೀಲುಗಳಲ್ಲಿ ಹೆಚ್ಚಾಗಿ ಸವೆಯುವ ಭಾಗ ಅದು.

ಶುಚಿಯಾದ ಮೇಲೆ ಎಣ್ಣೆಯ ಪ್ರಶ್ನೆ. ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆಂದು ಅನೇಕರು ಅದನ್ನೇ ಬಿಡುತ್ತಾರೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಂಗಳೂರು, ಮಡಿಕೇರಿಯ ಬೆಳಗಿನಲ್ಲಿ ರೀಲು ಸಲೀಸಾಗಿ ತಿರುಗುವುದಿಲ್ಲ, ವರ್ಷಗಳು ಕಳೆದರೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ದಾರ ಸುತ್ತಿಕೊಳ್ಳುವ ಸ್ಪೂಲಿನ ಎರಡು ತುದಿಗಳಿಗೂ ವರ್ಮ್ ದಂಡಕ್ಕೂ ಒಂದೊಂದು ಹನಿ ಬಿಟ್ಟಾಗ ಅಂಬಾಸಡೂರಿನ ಸ್ಪೂಲು ಬೆರಳಿನಿಂದ ಒಮ್ಮೆ ತಳ್ಳಿದರೆ ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ಸ್ಪೂಲಿನ ಪಕ್ಕದಲ್ಲಿ ಕೇಂದ್ರಾಪಗಾಮಿ ಬಲದಿಂದ ಹೊರಚಾಚಿ ವೇಗವನ್ನು ತಡೆಯುವ ಎರಡು ಪುಟ್ಟ ಬಿರಡೆಗಳಿಗೆ ಮಾತ್ರ ಎಣ್ಣೆ ತಾಗಬಾರದು, ತಾಗಿದರೆ ದಾರ ಸಿಕ್ಕಾಗುವುದು ಖಚಿತ. ಮಿಚೆಲ್‌ಗೆ ಎಣ್ಣೆಗಿಂತ ಗ್ರೀಸ್ ಮುಖ್ಯ, ಆದರೆ ಹಲ್ಲುಗಳ ಮೇಲೆ ತೆಳುವಾಗಿ ಸವರಿದಷ್ಟೇ. ಗೂಡನ್ನು ತುಂಬಿಸಿದರೆ ಹಿಡಿಕೆ ಭಾರವಾಗುತ್ತದೆ.

ಕಾವೇರಿ ವನ್ಯಧಾಮದ ವ್ಯಾಪ್ತಿಯಲ್ಲಿ ಗಾಳ ಹಾಕುವುದು ನಿಂತಿದೆ, ಅಲ್ಲಿನ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿದೆ. ಆದ್ದರಿಂದ ಆ ನದಿಯಲ್ಲಿ ದುಡಿದ ರೀಲುಗಳಲ್ಲಿ ಬಹಳಷ್ಟು ಇನ್ನು ನೀರಿಗಿಳಿಯುವುದಿಲ್ಲ. ಅಂಥವುಗಳಲ್ಲಿ ಮೂಲ ವಾಷರು, ಮೂಲ ತಿರುಪು, ಸವೆದ ಪಾಲ್ ಎಲ್ಲವನ್ನೂ ಹಾಗೆಯೇ ಬಿಡುವುದು ಸರಿಯೆಂದು ನಾನು ನಂಬುತ್ತೇನೆ. ಕೆರೆಯಲ್ಲೋ ಕಡಲಿನಲ್ಲೋ ಬಳಸುವ ಉದ್ದೇಶವಿದ್ದರೆ ಡ್ರ್ಯಾಗ್‌ಗೆ ಹೊಸ ಕಾರ್ಬನ್ ವಾಷರುಗಳನ್ನು ಹಾಕುವುದರಲ್ಲಿ ತಪ್ಪಿಲ್ಲ, ಅವುಗಳ ಹಿಡಿತ ಹಳೆಯವುಗಳಿಗಿಂತ ಸಮನಾಗಿರುತ್ತದೆ. ತೆಗೆದ ಹಳೆಯ ಭಾಗಗಳನ್ನು ರೀಲಿನ ಪಾದದ ಅಂಕಿಯನ್ನು ಬರೆದ ಸಣ್ಣ ಲಕೋಟೆಯಲ್ಲಿ ಹಾಕಿ, ರೀಲಿನ ಜೊತೆಗೇ ಇಡಬೇಕು.