ನ್ಯೂಯಾರ್ಕ್‌ನ ದಟ್ಟಣೆ ಟೋಲ್: ಯಂತ್ರ ಚುರುಕು, ರಿಯಾಯಿತಿ ಮೂಗಿಗೆ ತುಪ್ಪ

2025ರ ಜನವರಿ 5ರಿಂದ ಮ್ಯಾನ್‌ಹ್ಯಾಟನ್‌ನ 60ನೇ ಬೀದಿ ಮತ್ತು ಅದರ ದಕ್ಷಿಣದ ರಸ್ತೆಗಳಿಗೆ ಕಾರು ತಂದರೆ 9 ಡಾಲರ್ ಟೋಲ್, ವಾಹನ ದಟ್ಟಣೆ ಇಳಿಸಲೆಂದು. ದಿನಕ್ಕೆ ಒಂದೇ ಸಲ. ಹೊರಗೆ ಹೋಗಿ ಮತ್ತೆ ಬಂದರೆ ಪುನಃ ಕಟ್ಟಬೇಕಿಲ್ಲ. ಬೂತಿಲ್ಲ, ಗೇಟಿಲ್ಲ. ರಸ್ತೆಯ ಮೇಲಿನ ಯಂತ್ರ ಗಾಜಿಗೆ ಅಂಟಿಸಿದ ಈಜೀಪಾಸ್ ಟ್ಯಾಗ್ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಓದುತ್ತದೆ, ಟ್ಯಾಗ್ ಇಲ್ಲದಿದ್ದರೆ ನಂಬರ್ ಪ್ಲೇಟಿನ ಫೋಟೊ ಹಿಡಿಯುತ್ತದೆ. ವಸೂಲಿ ಮಾಡುವ ಬಗೆಗೆ ಪೂರ್ತಿ ಅಂಕ ಕೊಡಬಹುದು. ತಕರಾರಿರುವುದು ದರಪಟ್ಟಿಯಲ್ಲಿ.

ಕಡಿಮೆ ಆದಾಯದವರಿಗೆ ಅರ್ಧ ದರ ಎನ್ನುತ್ತಾರಲ್ಲ, ಅದರ ಲೆಕ್ಕ ಹಾಕಿ ನೋಡಿ. ಮನೆಯ ವಾರ್ಷಿಕ ಆದಾಯ 50,000 ಡಾಲರ್ ಮೀರಬಾರದು, ಇಲ್ಲವೇ ಸರ್ಕಾರದ ಆಹಾರ ನೆರವಿನಂಥ ಯೋಜನೆಯಲ್ಲಿ ಹೆಸರಿರಬೇಕು. ಈಜೀಪಾಸ್ ಖಾತೆ ಬೇಕು, ಮೊದಲೇ ಅರ್ಜಿ ಹಾಕಿರಬೇಕು. ಇಷ್ಟೆಲ್ಲ ಆದರೂ ತಿಂಗಳ ಮೊದಲ 10 ಟ್ರಿಪ್‌ಗೆ ಪೂರ್ತಿ ದರವೇ, 11ನೆಯದರಿಂದ 4.50. ತಿಂಗಳಿಗೆ 20 ದಿನ ಬರುವವರು 90 ಮತ್ತು 45, ಒಟ್ಟು 135 ಡಾಲರ್ ಕಟ್ಟುತ್ತಾರೆ. ರಿಯಾಯಿತಿ ಇಲ್ಲದಿದ್ದರೆ 180. ಅಂದರೆ ಉಳಿತಾಯ ಕಾಲು ಭಾಗ, ಅರ್ಧವಲ್ಲ. ವಾರಕ್ಕೆರಡು ದಿನ ಕೆಲಸಕ್ಕೆ ಬರುವವರಿಗೆ, ಆಗಾಗ ರೋಗಿಯನ್ನು ಆಸ್ಪತ್ರೆಗೆ ಕರೆತರುವವರಿಗೆ ಒಂದು ಸೆಂಟೂ ಇಲ್ಲ. ಒಂದನೇ ತಾರೀಖಿಗೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಕಡಿಮೆ ಬಂದು ದಟ್ಟಣೆ ಇಳಿಸಿದವರಿಗೆ ಏನೂ ಇಲ್ಲ, ದಿನಾ ಬಂದವರಿಗೆ ಬಹುಮಾನ: ಟೋಲಿನ ಉದ್ದೇಶಕ್ಕೇ ಇದು ಉಲ್ಟಾ.

ಟ್ಯಾಗ್ ಇಲ್ಲದವರ ಪಾಡು ಇನ್ನೂ ಕಷ್ಟ. ಅಂಚೆಯಲ್ಲಿ ಬರುವ ಬಿಲ್ 13.50 ಡಾಲರ್, ಒಂದೂವರೆ ಪಟ್ಟು. ಪಕ್ಕದ ನ್ಯೂಜೆರ್ಸಿಯಿಂದ ಬರುವ ಲಿಂಕನ್, ಹಾಲೆಂಡ್ ಸುರಂಗಗಳಲ್ಲಿ ಆಗಲೇ ಟೋಲ್ ಕಟ್ಟಿ ಬಂದ ಕಾರಿಗೆ ಸಿಗುವ 3 ಡಾಲರ್ ಕಡಿತವೂ ಟ್ಯಾಗ್ ಇದ್ದರೆ ಮಾತ್ರ. ಅಲ್ಲಿಂದಲೇ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿ ಬಂದರೆ ಟ್ಯಾಗ್ ಇದ್ದರೂ ಕಡಿತವಿಲ್ಲ.

ಪೂರ್ತಿ ದರದ ಅವಧಿ ವಾರದ ದಿನಗಳಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 9, ಶನಿ-ಭಾನುವಾರ ಬೆಳಿಗ್ಗೆ 9ರಿಂದ ರಾತ್ರಿ 9. ಉಳಿದ ಹೊತ್ತು 2.25. ರಾತ್ರಿ 8:55ಕ್ಕೆ ಗಡಿ ದಾಟುವ ಬದಲು ಹತ್ತು ನಿಮಿಷ ಕಾದರೆ 6.75 ಉಳಿತಾಯ. ಮಧ್ಯಾಹ್ನದ ಖಾಲಿ ಹೊತ್ತಿಗೂ ಸಂಜೆಯ ನೂಕುನುಗ್ಗಲಿಗೂ ಒಂದೇ ದರ ಇಟ್ಟಿದ್ದು ಸೋಮಾರಿತನ. ಸ್ಟಾಕ್‌ಹೋಮ್‌ನಲ್ಲಿ ಹೊತ್ತಿಗೆ ತಕ್ಕಂತೆ ದರ ಏರಿಳಿಯುತ್ತದೆ, ದಿನಕ್ಕಿಷ್ಟೇ ಎಂಬ ಮಿತಿಯೂ ಇದೆ.

ಬಡವರ ಮೇಲಿನ ತೆರಿಗೆ ಎಂಬ ದೂರು ಮಾತ್ರ ಪೂರ್ತಿ ನಿಲ್ಲುವುದಿಲ್ಲ. ಆ ಪ್ರದೇಶಕ್ಕೆ ಕೆಲಸಕ್ಕೆ ಬರುವವರಲ್ಲಿ ಬಹುಪಾಲು ಜನ ರೈಲು, ಬಸ್ಸಿನವರು. ಟೋಲಿನ ಹಣ ಹೋಗುವುದೂ ಅವನ್ನು ನಡೆಸುವ ಸಾರಿಗೆ ಸಂಸ್ಥೆ ಎಂಟಿಎಗೆ. ಆದರೆ ದರ 2028ರಲ್ಲಿ 12ಕ್ಕೆ, 2031ರಲ್ಲಿ 15ಕ್ಕೆ ಏರಲಿದೆ. ಹತ್ತು ಟ್ರಿಪ್‌ನ ಷರತ್ತು ಹಾಗೇ ಉಳಿದರೆ ತಿಂಗಳ ಮೊದಲ ಕಂತೇ 90ರಿಂದ 150 ಡಾಲರ್ ಆಗುತ್ತದೆ.