ಎರಡು ಸಾವಿರ ಫೋಟೊ, ನಾಲ್ಕು ಜರಡಿ

ಮೂರು ದಿನಗಳ ಒಂದು ಸಮಾರಂಭದಲ್ಲಿ ನಾನು ತೆಗೆದ ಸುಮಾರು 2,000 ರಾ ಕಡತಗಳಿಂದ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿಡುವ ಮೂಲ ಕಡತಗಳು) ಆಲ್ಬಮ್ಮಿಗೆ ಸಲ್ಲುವ ನೂರೈವತ್ತನ್ನು ಆರಿಸಬೇಕಾಗಿತ್ತು. ಸೆಕೆಂಡಿಗೆ 20 ಚಿತ್ರ ತೆಗೆಯಬಲ್ಲ ಕ್ಯಾಮೆರಾ ಕೈಗೆ ಬಂದ ಮೇಲೆ ಫೋಟೊ ತೆಗೆಯುವುದಕ್ಕಿಂತ ಆರಿಸುವುದೇ ದೊಡ್ಡ ಕೆಲಸವಾಗಿದೆ. ಆದ್ದರಿಂದ ಅದೇ ಫೋಲ್ಡರಿನ ನಾಲ್ಕು ನಕಲುಗಳನ್ನು ಮಾಡಿ, ಹಿಂದಿನ ಆಯ್ಕೆ ನೆನಪಿನಿಂದ ಮಾಸಲೆಂದು ನಡುವೆ ಕೆಲವು ವಾರ ಬಿಟ್ಟು, ನಾಲ್ಕು ತಂತ್ರಾಂಶಗಳಲ್ಲಿ ಒಂದೊಂದಾಗಿ ಆರಿಸಿ ನೋಡಿದೆ. ಇವುಗಳಲ್ಲಿ ಮೂರು ಆಯ್ಕೆಯನ್ನು ನನಗೇ ಬಿಡುವಂಥವು. ನಾಲ್ಕನೆಯದು ಕೃತಕ ಬುದ್ಧಿಮತ್ತೆಯ ಬಲದಿಂದ ತಾನೇ ಆರಿಸಿಕೊಡುವಂಥದು.

ಮೊದಲು ಹಿಡಿದದ್ದು ಫೋಟೊ ಮೆಕ್ಯಾನಿಕ್. ಸುದ್ದಿ ಮತ್ತು ಕ್ರೀಡಾ ಛಾಯಾಗ್ರಾಹಕರು ಬಹಳ ಕಾಲದಿಂದ ಇದನ್ನೇ ನೆಚ್ಚಿಕೊಂಡಿರುವುದಕ್ಕೆ ಕಾರಣ ಅದರ ವೇಗ. ಕ್ಯಾಮೆರಾ ಪ್ರತಿಯೊಂದು ರಾ ಕಡತದೊಳಗೂ ಒಂದು ಜೆಪೆಗ್ ಮುನ್ನೋಟವನ್ನು ಸೇರಿಸಿಟ್ಟಿರುತ್ತದೆ. ಈ ತಂತ್ರಾಂಶ ರಾ ದತ್ತಾಂಶವನ್ನು ಸಂಸ್ಕರಿಸಲು ಹೋಗದೆ ಆ ಮುನ್ನೋಟವನ್ನೇ ಎತ್ತಿ ತೋರಿಸುತ್ತದೆ. ಗುಂಡಿ ಒತ್ತಿದೊಡನೆ ಮುಂದಿನ ಚಿತ್ರ ಕಣ್ಣೆದುರಿಗೆ ಬರುವುದು ಬರೀ ಸಮಯದ ಉಳಿತಾಯವಲ್ಲ ಎಂಬುದು ನನಗೆ ಇಲ್ಲಿ ಅರಿವಾಯಿತು. ಒಂದರ ಹಿಂದೊಂದು ತೆಗೆದ ಹತ್ತು ಚಿತ್ರಗಳು ತಡೆಯಿಲ್ಲದೆ ಸರಿದಾಗ ಹುಬ್ಬಿನ ಏರಿಳಿತ, ಕೈಯ ತಿರುವು, ನೋಟದ ದಿಕ್ಕು ಇವುಗಳ ಸಣ್ಣ ವ್ಯತ್ಯಾಸಗಳು ತಾವಾಗಿಯೇ ಎದ್ದು ಕಾಣುತ್ತವೆ; ನಡುವೆ ಒಂದೆರಡು ಸೆಕೆಂಡು ಕಾಯಬೇಕಾದರೆ ಹಿಂದಿನ ಚಿತ್ರ ಕಣ್ಣಿನಿಂದ ಜಾರಿಹೋಗಿ ಹೋಲಿಕೆಯೇ ತಪ್ಪುತ್ತದೆ. ಆದರೆ ಮುನ್ನೋಟದ ಮಿತಿಯನ್ನೂ ತಿಳಿದಿರಬೇಕು. ಕೆಲವು ಕ್ಯಾಮೆರಾಗಳು ಪೂರ್ಣ ಗಾತ್ರಕ್ಕಿಂತ ಚಿಕ್ಕ ಜೆಪೆಗ್ಗನ್ನು ಇಡುವುದರಿಂದ, ಅಂಥ ಕಡತಗಳಲ್ಲಿ ರೆಪ್ಪೆಯ ಮೇಲೆ ಫೋಕಸ್ ನಿಂತಿದೆಯೇ ಎಂದು ಮುನ್ನೋಟವೊಂದರಿಂದಲೇ ತೀರ್ಮಾನಿಸಲಾಗದು. ಬೆಳಕು ಹೆಚ್ಚಾಗಿ ಬಿಳಿಚಿಕೊಂಡಂತೆ ಕಾಣುವ ಬಟ್ಟೆಯ ವಿವರ ರಾ ಕಡತದಲ್ಲಿ ಇನ್ನೂ ಉಳಿದಿರಬಹುದು, ಏಕೆಂದರೆ ಆ ಜೆಪೆಗ್ ಕ್ಯಾಮೆರಾದ ಬಣ್ಣ ಮತ್ತು ಕಾಂಟ್ರಾಸ್ಟ್ ಹೊಂದಿಕೆಗೆ ಒಳಪಟ್ಟು ಬಂದದ್ದು.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಮೊದಲು ಚಿತ್ರಗಳನ್ನು ಕ್ಯಾಟಲಾಗಿಗೆ, ಅಂದರೆ ಚಿತ್ರಗಳ ವಿವರಗಳನ್ನು ಇಡುವ ಅದರ ದತ್ತಸಂಚಯಕ್ಕೆ, ಆಮದು ಮಾಡಿಕೊಳ್ಳಬೇಕು. ಆಮದಿನ ವೇಳೆ ಕ್ಯಾಮೆರಾದ ಮುನ್ನೋಟವನ್ನೇ ಬಳಸುವ ಆಯ್ಕೆ ಇದರಲ್ಲೂ ಇದೆ. ಅದನ್ನು ಆರಿಸಿಕೊಂಡರೆ ಆರಂಭ ಬೇಗನೆ ಆಗುತ್ತದೆ. ಬೇಕಾದದ್ದಕ್ಕೆ ಪಿ, ಬೇಡದ್ದಕ್ಕೆ ಎಕ್ಸ್, ಗುರುತು ಅಳಿಸಲು ಯು. ಕ್ಯಾಪ್ಸ್ ಲಾಕ್ ಹಾಕಿಟ್ಟರೆ ಗುರುತು ಮಾಡಿದೊಡನೆ ಮುಂದಿನ ಚಿತ್ರಕ್ಕೆ ತಾನೇ ಹೋಗುತ್ತದೆ. ನನಗೆ ಹೆಚ್ಚು ಉಪಯೋಗವಾದದ್ದು ಎನ್ ಒತ್ತಿದಾಗ ತೆರೆಯುವ ಸಮೀಕ್ಷಾ ನೋಟ. ಒಂದೇ ಗುಂಪಿನ ಐದಾರು ಚಿತ್ರಗಳನ್ನು ಒಟ್ಟಿಗೆ ಹರಡಿ, ಸೋತವನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಕೊನೆಗೆ ಉಳಿದದ್ದೇ ಆಯ್ಕೆ. ಕಾಳು ಹೆಕ್ಕುವುದಕ್ಕಿಂತ ಜೊಳ್ಳು ತೂರುವುದು ಸುಲಭ ಎಂಬುದನ್ನು ಈ ನೋಟ ಚೆನ್ನಾಗಿ ಬಳಸಿಕೊಳ್ಳುತ್ತದೆ.

ಡಿಜಿಕ್ಯಾಮ್ ಮುಕ್ತ ಮತ್ತು ಉಚಿತ ತಂತ್ರಾಂಶ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಲೈಟ್ ಟೇಬಲ್, ಒಂದನ್ನೊಂದು ಹೋಲುವ ಚಿತ್ರಗಳ ಹುಡುಕಾಟ ಇವೆರಡೂ ಇದರಲ್ಲಿ ಇವೆ. ಮಸುಕು, ನಾಯ್ಸ್ (ಚಿತ್ರದಲ್ಲಿ ಕಾಣುವ ಬೇಡದ ಚುಕ್ಕೆಗಳು), ಬೆಳಕಿನ ಪ್ರಮಾಣ ಇವುಗಳನ್ನು ಅಳೆದು ಗುರುತು ಹಾಕುವ ಸಲಕರಣೆಯೂ ಇದೆ. ಹಣ ಕೊಡದೆ ಆರಂಭಿಸಬೇಕೆನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ನಾಲ್ಕನೆಯದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ನಿರೀಕ್ಷೆ ಇತ್ತು. ಒಂದೇ ಕ್ಷಣದ ಚಿತ್ರಗಳನ್ನು ಸಮಯ ಮತ್ತು ಹೋಲಿಕೆಯ ಆಧಾರದ ಮೇಲೆ ಗುಂಪು ಮಾಡುವುದರಲ್ಲಿ ಅದು ತಪ್ಪಿದ್ದೇ ಅಪರೂಪ, ಮತ್ತು ನನ್ನ ಅರ್ಧದಷ್ಟು ಆಯಾಸವನ್ನು ಈ ಒಂದು ಕೆಲಸವೇ ನೀಗಿಸಿತು. ಆದರೆ ಗುಂಪಿನೊಳಗಿನ ಉತ್ತಮ ಚಿತ್ರ ಯಾವುದೆಂದು ಅದು ಹೇಳಿದಾಗ ನಾನು ಒಪ್ಪಲಾರದ ಸಂದರ್ಭಗಳು ಬಂದವು. ಅಂಗಳದಲ್ಲಿ ಓಡುತ್ತಿದ್ದ ಮಗುವಿನ ಸಾಲಿನಲ್ಲಿ, ಎರಡು ಕಾಲೂ ನೆಲದಿಂದ ಮೇಲಿದ್ದ ಚಿತ್ರವನ್ನು ಬಿಟ್ಟು, ಮಗು ನಿಂತುಬಿಟ್ಟಿದ್ದ ಚಿತ್ರವನ್ನು ಅದು ಆರಿಸಿತ್ತು. ನಿಂತದ್ದರ ಅಂಚುಗಳು ಹೆಚ್ಚು ಚೂಪಾಗಿದ್ದವು. ವಾದ್ಯದ ತಂತಿಯ ಮೇಲಿನ ಬೆರಳುಗಳಿಗೆ ಫೋಕಸ್ ಇಟ್ಟು, ಹಿಂದಿನ ಮುಖವನ್ನು ಬೇಕೆಂದೇ ಮಸುಕಾಗಿಸಿದ್ದ ಒಂದು ಚಿತ್ರ, ಮುಖ ಸ್ಪಷ್ಟವಿಲ್ಲವೆಂದು ತಿರಸ್ಕೃತರ ಸಾಲಿಗೆ ಸೇರಿತ್ತು. ಫೋಟೊ ತೆಗೆದವರ ಉದ್ದೇಶ ಕಡತದಲ್ಲಿ ದಾಖಲಾಗಿರುವುದಿಲ್ಲವಾದ್ದರಿಂದ ಈ ತಪ್ಪುಗಳು ನನಗೆ ಅಚ್ಚರಿಯೆನಿಸಲಿಲ್ಲ. ನನ್ನನ್ನು ಚಿಂತೆಗೆ ಹಚ್ಚಿದ್ದು ಬೇರೊಂದು: ತಂತ್ರಾಂಶ ಕಳಪೆಯೆಂದು ಒಂದೇ ನಕ್ಷತ್ರದ ಅಂಕ ಕೊಟ್ಟಿದ್ದ ಚಿತ್ರಗಳನ್ನು ನಾನೂ ಸರಿಯಾಗಿ ನೋಡದೆ ದಾಟುತ್ತಿದ್ದೆ. ಬೆರಳುಗಳ ಆ ಚಿತ್ರವನ್ನು ಎರಡು ಬಾರಿ ದಾಟಿಹೋಗಿದ್ದೆ, ಹಿಂದಿನ ಮೂರು ಸುತ್ತುಗಳಲ್ಲಿ ನಾನೇ ಅದನ್ನು ಆರಿಸಿದ್ದರೂ ಸಹ.

ಗುರುತುಗಳು ಎಲ್ಲಿ ಉಳಿಯುತ್ತವೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ನಕ್ಷತ್ರಗಳನ್ನು ಎಕ್ಸ್‌ಎಂಪಿ ಎಂಬ ಸಾಮಾನ್ಯ ಮಾನಕದಲ್ಲಿ ಬರೆದರೆ ಅವು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗುತ್ತವೆ. ಲೈಟ್‌ರೂಮ್ ಕ್ಲಾಸಿಕ್ ಮೊದಲು ಎಲ್ಲವನ್ನೂ ತನ್ನ ಕ್ಯಾಟಲಾಗಿನಲ್ಲಿ ಇಟ್ಟುಕೊಳ್ಳುವುದರಿಂದ, ಚಿತ್ರಗಳನ್ನು ಆಯ್ದು ಕಂಟ್ರೋಲ್ ಮತ್ತು ಎಸ್ ಒತ್ತಿ ಕಡತಕ್ಕೆ ಬರೆಸುವ ಅಭ್ಯಾಸ ಒಳ್ಳೆಯದು.

ಈಗ ನಾನು ನಾಲ್ಕನೆಯದನ್ನು ಗುಂಪು ಮಾಡಲು ಮಾತ್ರ ಬಳಸುತ್ತೇನೆ ಮತ್ತು ಅದು ಕೊಟ್ಟ ನಕ್ಷತ್ರಗಳನ್ನು ಮರೆಮಾಡಿಡುತ್ತೇನೆ. ಬೇಡದ್ದನ್ನು ಬೇರ್ಪಡಿಸುವ ಮೊದಲ ಸುತ್ತು ಫೋಟೊ ಮೆಕ್ಯಾನಿಕ್‌ನಲ್ಲಿ ನಡೆಯುತ್ತದೆ. ಗುಂಪಿನಲ್ಲಿ ಒಂದನ್ನು ಉಳಿಸಿಕೊಳ್ಳುವ ಕೊನೆಯ ಸುತ್ತು, ಸಂಸ್ಕರಣೆಯೂ ಅಲ್ಲಿಯೇ ಆಗುವುದರಿಂದ, ಲೈಟ್‌ರೂಮಿನ ಸಮೀಕ್ಷಾ ನೋಟದಲ್ಲಿ. ತಿರಸ್ಕರಿಸಿದ ಕಡತಗಳನ್ನು ಅಳಿಸುವ ಮುನ್ನ ಮರುದಿನ ಅವನ್ನೆಲ್ಲ ಚಿಕ್ಕ ಚಿತ್ರಗಳಾಗಿ ಹರಡಿ ಒಮ್ಮೆ ನೋಡುತ್ತೇನೆ. ಬೆರಳುಗಳ ಚಿತ್ರ ನನಗೆ ಮರಳಿ ಸಿಕ್ಕಿದ್ದು ಹಾಗೆ ನೋಡಿದಾಗಲೇ, ಮತ್ತು ಆಲ್ಬಮ್ಮಿನ ಮೊದಲ ಪುಟದಲ್ಲಿ ಈಗ ಅದೇ ಇದೆ.