ಹೇರ್ ಟಾಪರ್ ಜೊತೆ ಎರಡು ವರ್ಷ: ಕೂದಲು ನೋಡಿ ಮರುಳಾಗಬೇಡಿ, ಬೇಸ್ ನೋಡಿ

ಹೇರ್ ಟಾಪರ್ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬಿ ತೆಗೆದ ದಿನವೇ ಬರೆದವು. ಎಷ್ಟು ನುಣುಪು, ಬಣ್ಣ ಎಷ್ಟು ಚೆನ್ನಾಗಿ ಹೊಂದಿದೆ ಅಂತ ಐದು ಸ್ಟಾರ್ ಕೊಟ್ಟು ಮುಗಿಸಿರುತ್ತಾರೆ. ಅದನ್ನು ನಂಬಿ ತರಿಸಿಕೊಂಡವರಿಗೆ ಮೊದಲ ವಾರವೇ ತಲೆನೋವು, ತುರಿಕೆ ಶುರುವಾಗುತ್ತದೆ. 'ಇದು ನನ್ನಿಂದ ಆಗಲ್ಲ' ಅಂತ ಅದನ್ನು ಕಪಾಟಿಗೆ ಸೇರಿಸಿಬಿಡುತ್ತಾರೆ. ನಾನು ಎರಡು ವರ್ಷದಿಂದ ಹೆಚ್ಚುಕಡಿಮೆ ದಿನಾ ಹಾಕಿಕೊಳ್ಳುತ್ತಿದ್ದೇನೆ. ಮೊದಲು ಸಿಂಥೆಟಿಕ್ ಹಾಕಿದ್ದೆ, ಈಗ ಮನುಷ್ಯರ ಕೂದಲಿನದು. ಕಂಪನಿ ಹೆಸರು ಹೇಳುವುದಿಲ್ಲ. ಯಾವ ಕಂಪನಿಯದಾದರೂ ಒಗ್ಗಿಕೊಳ್ಳುವ ಕಷ್ಟ ಒಂದೇ.

ಗೊತ್ತಿಲ್ಲದವರಿಗೆ: ಟಾಪರ್ ಅಂದರೆ ಪೂರ್ತಿ ವಿಗ್ ಅಲ್ಲ. ನೆತ್ತಿಯ ಮೇಲೆ ಮಾತ್ರ ಕೂರುವ ತುಂಡು. ಅಡಿಯಲ್ಲಿ ತೆಳ್ಳನೆ ಬಟ್ಟೆಯಂಥ ಬೇಸ್, ಅದರ ಅಂಚಿಗೆ ಹೊಲಿದ ಪುಟ್ಟ ಕ್ಲಿಪ್‌ಗಳು. ಅವನ್ನು ನಮ್ಮ ಸ್ವಂತ ಕೂದಲಿಗೇ ಸಿಕ್ಕಿಸಬೇಕು. ಪಕ್ಕದಲ್ಲಿ, ಹಿಂದೆ ಇರುವುದೆಲ್ಲ ನಮ್ಮದೇ ಕೂದಲು.

ನನ್ನದು ಹೆಂಗಸರಲ್ಲಿ ತುಂಬಾ ಸಾಮಾನ್ಯವಾದ ತೊಂದರೆ. ಹಣೆಯ ಅಂಚಿನ ಕೂದಲು ಹಾಗೇ ಇರುತ್ತದೆ, ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ. ಇದನ್ನು ಮೂರು ಹಂತವಾಗಿ ವಿಂಗಡಿಸುವ ಪದ್ಧತಿಯೊಂದಿದೆ. 1977ರಲ್ಲಿ ಲುಡ್ವಿಗ್ ಅನ್ನುವ ಚರ್ಮವೈದ್ಯರು ಮಾಡಿದ್ದು, ಡಾಕ್ಟರುಗಳು ಈಗಲೂ ಬಳಸುತ್ತಾರೆ. ನಾನು ಎರಡನೇ ಹಂತದಲ್ಲಿದ್ದೇನೆ ಅಂದರು. ಟಾಪರ್ ಹೇಳಿ ಮಾಡಿಸಿದ್ದು ಈ ಹಂತಕ್ಕೇ. ಮೂರನೇ ಹಂತಕ್ಕೆ ಹೋದರೆ ಕ್ಲಿಪ್ ಕಚ್ಚಿಕೊಳ್ಳಲು ನೆತ್ತಿಯ ಸುತ್ತ ಗಟ್ಟಿ ಕೂದಲು ಸಿಗುವುದು ಕಷ್ಟ. ಆಗ ವಿಗ್ ಅಥವಾ ಅಂಟಿಸುವ ಪ್ಯಾಚ್ ನೋಡಬೇಕು.

ತರಿಸುವ ಮೊದಲು ಡಾಕ್ಟರಿಗೆ ಒಮ್ಮೆ ತೋರಿಸಿ. ಥೈರಾಯ್ಡ್ ಏರುಪೇರು, ಕಬ್ಬಿಣದ ಅಂಶ ಕಮ್ಮಿ ಇದ್ದರೂ ಕೂದಲು ಹೋಗುತ್ತದೆ. ಜೋರು ಜ್ವರ, ಹೆರಿಗೆ, ಆಪರೇಷನ್ ಆಗಿ ಎರಡು ಮೂರು ತಿಂಗಳಿಗೆ ಹಿಡಿ ಹಿಡಿ ಉದುರುವುದೂ ಉಂಟು. ಅದು ಸಾಮಾನ್ಯವಾಗಿ ತಾನಾಗೇ ನಿಂತು ಮತ್ತೆ ಬೆಳೆಯುತ್ತದೆ. ಆರೇಳು ತಿಂಗಳಲ್ಲಿ ಸರಿಹೋಗುವುದಕ್ಕೆ ಯಾಕೆ ಸುಮ್ನೆ ದುಡ್ಡು ಸುರಿಯಬೇಕು, ಅಲ್ವಾ?

ಈಗ ಬೇಸ್ ವಿಷಯ. ಫೋಟೋದಲ್ಲಿ ನಮ್ಮ ಕಣ್ಣು ಹೋಗುವುದು ಕೂದಲ ಮೇಲೆ. ಉದ್ದ, ಹೊಳಪು, ಗುಂಗುರು ಇಷ್ಟನ್ನೇ ನೋಡುತ್ತೇವೆ. ದಿನವಿಡೀ ತಲೆ ಮೇಲೆ ಹೊರುವುದು ಮಾತ್ರ ಬೇಸನ್ನು. ಅಳತೆ ತೆಗೆಯುವಾಗ ಕೂದಲು ತೆಳುವಾದ ಜಾಗ ಎಲ್ಲಿ ಮುಗಿಯುತ್ತದೆ ಅಂತ ಕೈಯಿಂದ ಮುಟ್ಟಿ ನೋಡಿ, ಅಲ್ಲಿಂದ ಇನ್ನೊಂದಿಷ್ಟು ಆಚೆಗೆ ಬೇಸಿನ ಅಂಚು ಬರುವ ಹಾಗೆ ಆರಿಸಬೇಕು. ಬೇಸ್ ಚಿಕ್ಕದಾದರೆ ಕ್ಲಿಪ್‌ಗಳು ಹೋಗಿ ಕೂರುವುದು ಸೊರಗಿದ ಕೂದಲ ಮೇಲೇ. ಅಲ್ಲೇ ಜಗ್ಗಿದರೆ ಉಳಿದಿದ್ದೂ ಹೋಗುತ್ತದೆ. ತೀರಾ ದೊಡ್ಡದಾದರೆ ಚೆನ್ನಾಗಿರುವ ಕೂದಲೆಲ್ಲ ಅಡಿಗೆ ಬಿದ್ದು ತಲೆ ಟೋಪಿ ಇಟ್ಟಂತೆ ಉಬ್ಬುತ್ತದೆ.

ಬೇಸ್‌ಗಳಲ್ಲೂ ಬೇರೆ ಬೇರೆ ಥರ ಇವೆ. ಮೋನೋ ಅಂದರೆ ಸಣ್ಣ ಜಾಲರಿ, ಒಂದೊಂದೇ ಕೂದಲನ್ನು ಕೈಯಲ್ಲಿ ಗಂಟು ಹಾಕಿರುತ್ತಾರೆ. ಬೈತಲೆ ಎಲ್ಲಿ ಬೇಕಾದರೂ ತೆಗೆಯಬಹುದು. ಸಿಲ್ಕ್ ಬೇಸ್‌ನಲ್ಲಿ ಗಂಟುಗಳು ಬಟ್ಟೆಯ ಪದರದ ಒಳಗೆ ಅಡಗಿರುತ್ತವೆ. ಬೈತಲೆ ನಿಜವಾದ ಚರ್ಮದ ಹಾಗೇ ಕಾಣುತ್ತದೆ, ಆದರೆ ದಪ್ಪ, ಸೆಖೆ. ಲೇಸ್ ತುಂಬಾ ಹಗುರ, ಬೇಗ ಹರಿಯುತ್ತದೆ. ನಾನು ಈಗ ಬಳಸುತ್ತಿರುವುದು ಮುಂದೆ ಬೈತಲೆ ಜಾಗಕ್ಕೆ ಮಾತ್ರ ಸಿಲ್ಕ್, ಉಳಿದಿದ್ದೆಲ್ಲ ಮೋನೋ ಇರುವಂಥದ್ದು. ಸೆಖೆ ಜಾಸ್ತಿ ಆಗುವವರಿಗೆ ಇದನ್ನೇ ಹೇಳುತ್ತೇನೆ.

ಮೊದಲ ವಾರಗಳು ಹೇಗಿದ್ದವು? ನಿಜ ಹೇಳಬೇಕಂದರೆ ಕೈ ಸುಮ್ಮನೆ ಇರುತ್ತಿರಲಿಲ್ಲ. ನಿಮಿಷಕ್ಕೊಮ್ಮೆ ಮುಟ್ಟಿ ನೋಡುವುದು, ಎಲ್ಲೋ ಸರಿಯಿತು ಅನ್ನುವ ಭ್ರಮೆ. ಮುಟ್ಟಿ ಮುಟ್ಟಿಯೇ ಮುಂದಿನ ಎಳೆಗಳು ಜಿಡ್ಡಾಗುತ್ತವೆ, ನೋಡುವವರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಇದಕ್ಕೆ ನನಗೆ ಕೆಲಸ ಮಾಡಿದ ಉಪಾಯ ಒಂದೇ. ಮನೆಯಲ್ಲಿ ಹಾಕಿಕೊಂಡು ಕಸ ಗುಡಿಸಿದೆ, ಬಗ್ಗಿ ನೆಲ ಒರೆಸಿದೆ, ಫ್ಯಾನ್ ಜೋರಾಗಿ ಹಾಕಿಕೊಂಡು ಅದರ ಕೆಳಗೆ ಕೂತೆ, ಕೊನೆಗೆ ತಲೆ ಕೆಳಗೆ ಮಾಡಿ ಜೋರಾಗಿ ಒದರಿದೆ. ಕ್ಲಿಪ್ ಒಂದಿಂಚೂ ಅಲುಗಲಿಲ್ಲ. ಬೀಳುವುದಿಲ್ಲ ಅಂತ ನಾವು ಎಷ್ಟು ಸಲ ಹೇಳಿಕೊಂಡರೂ ತಲೆಗೆ ಹತ್ತುವುದಿಲ್ಲ. ಒದರಿ ನೋಡಿದ ಮೇಲೆ ಕೈ ತಾನಾಗೇ ಕೆಳಗಿಳಿಯಿತು.

ತಲೆನೋವು ಬರುವುದು ತೂಕಕ್ಕಿಂತ ಜಾಸ್ತಿ ಕ್ಲಿಪ್ ಹಾಕುವ ರೀತಿಯಿಂದ. ಕ್ಲಿಪ್ ತೆರೆದು, ಹಲ್ಲುಗಳನ್ನು ಬುಡದ ಹತ್ತಿರದ ಕೂದಲೊಳಗೆ ಮೆಲ್ಲಗೆ ಜಾರಿಸಿ, ಚರ್ಮಕ್ಕೆ ಚುಚ್ಚುತ್ತಿಲ್ಲ ಅಂತ ನೋಡಿಕೊಂಡು ಆಮೇಲೆ ಒತ್ತಬೇಕು. 'ಟಕ್' ಅಂದಾಗ ಕೂದಲು ಸ್ವಲ್ಪವೂ ಬಿಗಿಯಬಾರದು. ಬಿಗಿದರೆ ಬಿಚ್ಚಿ ಮತ್ತೆ ಹಾಕಿ, ಸಂಜೆವರೆಗೂ ಸಹಿಸಿಕೊಳ್ಳೋಣ ಅನ್ನಬೇಡಿ. ಹುಬ್ಬು ಮೇಲೆತ್ತಿ, ಬಾಯಿ ಅಗಲ ತೆರೆದು ನೋಡಿ. ಎಲ್ಲಾದರೂ ಎಳೆದಂತಾದರೆ ಆ ಕ್ಲಿಪ್ಪೇ ಅಪರಾಧಿ. ತೊಳೆದ ದಿನವೇ ಕೂದಲು ತೀರಾ ಜಾರುತ್ತದೆ, ಎಣ್ಣೆ ಹಚ್ಚಿದರೂ ಅಷ್ಟೇ. ಮಾರನೇ ದಿನ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಜಾರುವ ದಿನ ಬುಡದ ಆ ಜಾಗವನ್ನಷ್ಟೇ ಹಿಮ್ಮುಖವಾಗಿ ಬಾಚಿ ಒಂಚೂರು ಒರಟು ಮಾಡಿಕೊಂಡರೆ ಸಾಕು.

ಇನ್ನೊಂದು ಮುಖ್ಯ ಮಾತು. ಅದೇ ಜಾಗಕ್ಕೆ ದಿನಾ ಕ್ಲಿಪ್ ಬಿದ್ದು ಜಗ್ಗುತ್ತಿದ್ದರೆ ಅಲ್ಲಿನ ಕೂದಲು ಬುಡದಿಂದಲೇ ಹೋಗಬಹುದು. ಡಾಕ್ಟರುಗಳು ಇದಕ್ಕೆ ಟ್ರ್ಯಾಕ್ಷನ್ ಅಲೋಪೇಷಿಯಾ ಅನ್ನುತ್ತಾರೆ. ತುಂಬಾ ಕಾಲ ಹಾಗೇ ಬಿಟ್ಟರೆ ಮತ್ತೆ ಬೆಳೆಯುವುದೂ ಇಲ್ಲ. ಅದಕ್ಕೇ ನಾನು ಟಾಪರನ್ನು ಒಂದು ದಿನ ಕಾಲಿಂಚು ಹಿಂದೆ, ಒಂದು ದಿನ ಮುಂದೆ ಕೂರಿಸುತ್ತೇನೆ. ಮನೆಗೆ ಬಂದ ಕೂಡಲೇ ತೆಗೆಯುತ್ತೇನೆ. ಹಾಕಿಕೊಂಡು ಮಲಗುವ ಪ್ರಶ್ನೆಯೇ ಇಲ್ಲ.

ಶುರುವಿನಲ್ಲಿ ಒಂದೆರಡು ಗಂಟೆ, ಆಮೇಲೆ ಅರ್ಧ ದಿನ, ಹೀಗೆ ಏರಿಸುತ್ತಾ ಹೋದೆ. ಒಂದು ದಿನ ಮಧ್ಯಾಹ್ನ ಕೈ ತೊಳೆಯುವಾಗ ಕನ್ನಡಿ ನೋಡಿದ ಮೇಲೇ ಅದು ತಲೆ ಮೇಲಿದೆ ಅನ್ನುವುದು ನೆನಪಾಯಿತು. ತುರಿಕೆಗೆ ಮಾತ್ರ ಬೇರೆ ದಾರಿ. ಉಗುರು ಹಾಕಿ ಕೆರೆದರೆ ಬೇಸ್ ಹಾಳು. ಬೆರಳ ತುದಿಯಿಂದ ಮೇಲಿಂದಲೇ ತಟ್ಟಬೇಕು. ಒದ್ದೆ ಕೂದಲ ಮೇಲೆ ಹಾಕಬಾರದು, ತುರಿಕೆ ವಾಸನೆ ಎರಡೂ ಶುರುವಾಗುತ್ತವೆ. ಕೂದಲು ಬೆಳೆಯಲೆಂದು ನೆತ್ತಿಗೆ ಹಾಕುವ ಮಿನಾಕ್ಸಿಡಿಲ್ ಔಷಧಿ ಹಚ್ಚುವವರೂ ಅದು ಪೂರ್ತಿ ಒಣಗುವವರೆಗೆ ಕಾಯಬೇಕು. ನಾನು ಅದನ್ನು ರಾತ್ರಿಗೆ ಇಟ್ಟುಕೊಂಡಿದ್ದೇನೆ.

ಕನ್ನಡಿಯ ಸಮಸ್ಯೆ ನನಗೆ ತುರಿಕೆಗಿಂತ ದೊಡ್ಡದಾಗಿತ್ತು. ತೆಳುಗೂದಲಿನ ಮುಖ ನೋಡಿ ನೋಡಿ ಕಣ್ಣು ಅದಕ್ಕೇ ಒಗ್ಗಿಹೋಗಿರುತ್ತದೆ. ಇದ್ದಕ್ಕಿದ್ದಂತೆ ದಟ್ಟ ಕೂದಲು ಬಂದರೆ ಯಾರೋ ಬೇರೆಯವರು ನಿಂತ ಹಾಗೆ. ಇದರಲ್ಲಿ ಅರ್ಧ ತಪ್ಪು ತಯಾರಿಸುವವರದು. ಬಹಳಷ್ಟು ಟಾಪರ್‌ಗಳಲ್ಲಿ ಮಾಮೂಲಿ ತಲೆಯಲ್ಲಿ ಇರುವುದಕ್ಕಿಂತ ಜಾಸ್ತಿ ಕೂದಲು ತುಂಬಿರುತ್ತಾರೆ. ಫೋಟೋಗೆ ಚೆನ್ನ, ತಲೆಗೆ ಅಲ್ಲ. ಟಾಪರ್ ಕತ್ತರಿಸಿ ಗೊತ್ತಿರುವವರ ಹತ್ತಿರ ಹೋಗಿ, ತಲೆ ಮೇಲೆ ಹಾಕಿಕೊಂಡೇ ಕೂತು, ತೆಳು ಮಾಡಿಸಿ ತುದಿಯನ್ನು ನಮ್ಮ ಕೂದಲ ತುದಿಗೆ ಸೇರಿಸಿದ ಮೇಲೆ ನನ್ನ ಮುಖ ನನಗೆ ವಾಪಸ್ ಸಿಕ್ಕಿತು. ಜಾಸ್ತಿ ಕತ್ತರಿಸಬೇಡಿ ಅಂತ ಕೇಳಿಕೊಳ್ಳಿ, ಇದು ಮತ್ತೆ ಬೆಳೆಯುವ ಕೂದಲಲ್ಲ. ಮುಂದೆ ಬೈತಲೆ ಗೆರೆಯ ಮೇಲೆ ನಮ್ಮ ಚರ್ಮದ ಬಣ್ಣದ ಪೌಡರ್ ಸ್ವಲ್ಪ ಸವರಿದರೆ ಅದು ಇನ್ನೂ ಸಹಜ. ಬಣ್ಣ ಆರಿಸುವಾಗ ಹಗಲು ಬೆಳಕಲ್ಲಿ, ಬುಡದ ಬದಲು ನಡು ಮತ್ತು ತುದಿಯ ಬಣ್ಣಕ್ಕೆ ಹೋಲಿಸಿ. ಎರಡೂ ಬೆರೆಯುವುದು ಅಲ್ಲೇ. ನರೆ ಇದ್ದವರಿಗೆ ಬಿಳಿ ಎಳೆ ಬೆರೆಸಿದ್ದೂ ಸಿಗುತ್ತದೆ.

ಜನ ಏನಂದರು? ಆಫೀಸಲ್ಲಿ ಒಬ್ಬರು, 'ಏನ್ರೀ ಮೇಡಂ, ಹೊಸ ಹೇರ್‌ಕಟ್ಟಾ? ಚೆನ್ನಾಗಿ ನಿದ್ದೆ ಮಾಡಿದ ಹಾಗೆ ಕಾಣ್ತೀರ' ಅಂದರು. ಅಷ್ಟೇ. ಏನೋ ಬದಲಾಗಿದೆ ಅಂತ ಗೊತ್ತಾಗುತ್ತದೆ, ಏನು ಅಂತ ಹೊಳೆಯುವುದಿಲ್ಲ. ಎಲ್ಲರಿಗೂ ಹೇಳಬೇಕಾ ಅಂತ ಅಕ್ಕನ ಹತ್ತಿರ ಕೇಳಿದೆ. 'ನಿನ್ನ ಚಷ್ಮಾ ನಂಬರ್ ಎಲ್ಲರಿಗೂ ಹೇಳ್ತೀಯಾ?' ಅಂದಳು. ಹತ್ತಿರದವರಿಗೆ ಹೇಳಿದ್ದೇನೆ, ಅದರಿಂದ ನಿರಾಳ. ಯಾರಾದರೂ ತಲೆ ನೇವರಿಸಲು ಕೈ ಚಾಚಿದಾಗ ಬೆಚ್ಚಿ ಹಿಂದೆ ಸರಿಯುವುದು ತಪ್ಪಿತು.

ಸಿಂಥೆಟಿಕ್ಕೋ ಅಸಲಿಯೋ ಅಂತ ಕೇಳುವವರು ಜಾಸ್ತಿ. ಸಿಂಥೆಟಿಕ್ ಹಗುರ, ಅಗ್ಗ, ತೊಳೆದರೂ ಆಕಾರ ಹಾಗೇ ನಿಲ್ಲುತ್ತದೆ. ಬೆಳಗ್ಗೆ ಎದ್ದು ಓಡುವವರಿಗೆ ದೊಡ್ಡ ಅನುಕೂಲ. ಅದರ ಶತ್ರು ಬಿಸಿ. ಕುದಿಯುವ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆ, ಓವನ್ ಬಾಗಿಲು ತೆರೆದಾಗಿನ ಝಳ ಸಾಕು, ಮುಂದಿನ ಎಳೆಗಳು ಸುಕ್ಕಾಗಿಬಿಡುತ್ತವೆ. ಸುಕ್ಕಾದದ್ದು ಮತ್ತೆ ಸರಿಹೋಗುವುದು ಕಷ್ಟ. ಭುಜಕ್ಕೆ ಉಜ್ಜುವ ತುದಿಯೂ ಜಡೆಗಟ್ಟುತ್ತದೆ. ದಿನಾ ಹಾಕಿದರೆ ನಾಲ್ಕರಿಂದ ಆರು ತಿಂಗಳು ಬಾಳಿಕೆ ಅಂತ ಇಟ್ಟುಕೊಳ್ಳಿ. ಹೊಸದರ ಪ್ಲಾಸ್ಟಿಕ್ ಹೊಳಪಿಗೆ ಡ್ರೈ ಶಾಂಪೂ ಸಿಂಪಡಿಸಿ ಬಾಚಿದರೆ ಮಂಕಾಗುತ್ತದೆ.

ಮನುಷ್ಯರ ಕೂದಲಿನದು ವರ್ಷದ ಆಸುಪಾಸು ಬರುತ್ತದೆ, ನೋಡಿಕೊಂಡರೆ ಜಾಸ್ತಿ. ಆದರೆ ನೋಡಿಕೊಳ್ಳಲೇಬೇಕು. ನೆತ್ತಿಯ ಎಣ್ಣೆ ಅಂಶ ಅದಕ್ಕೆ ಸಿಗುವುದಿಲ್ಲ, ಹಾಗಾಗಿ ಬೇಗ ಒಣಗುತ್ತದೆ. ಬಿಸಿಲಿಗೆ ಬಣ್ಣ ಕೆಂಪಡರುತ್ತದೆ. 'ರೆಮಿ' ಅಂತ ಬರೆದಿದೆಯಾ ನೋಡಿ. ಅಂದರೆ ಎಲ್ಲಾ ಎಳೆಗಳ ಬುಡ ಒಂದೇ ಕಡೆ ಇದ್ದು ಹೊರ ಪದರ ಹಾಗೇ ಉಳಿದಿದೆ ಅಂತ, ಸಿಕ್ಕು ಕಮ್ಮಿ. ಹಾಗಿಲ್ಲದ ಕೂದಲಿನ ಹೊರ ಪದರವನ್ನು ಆಸಿಡ್‌ನಿಂದ ತೆಗೆದು ಸಿಲಿಕೋನ್ ಲೇಪಿಸುವುದುಂಟು. ಮೊದಮೊದಲು ರೇಷ್ಮೆಯಂತೆ ಜಾರುತ್ತದೆ. ಕೆಲವು ಸಲ ತೊಳೆಯುವಷ್ಟರಲ್ಲಿ ಲೇಪ ಹೋಗಿ ಸಿಕ್ಕೋ ಸಿಕ್ಕು. ಡಬ್ಬಿ ತೆಗೆದ ದಿನದ ಐದು ಸ್ಟಾರ್‌ಗೆ ಬೆಲೆ ಇಲ್ಲ ಅಂದಿದ್ದು ಇದಕ್ಕೇ.

ತೊಳೆಯುವುದು ಹತ್ತು ಹದಿನೈದು ಸಲ ಹಾಕಿದ ಮೇಲೆ ಒಮ್ಮೆ. ತುದಿಯಿಂದ ಶುರು ಮಾಡಿ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ, ಉಗುರುಬೆಚ್ಚಗಿನ ನೀರಲ್ಲಿ ಸಲ್ಫೇಟ್ ಇಲ್ಲದ ಶಾಂಪೂ ಹಾಕಿ ಮೇಲಿಂದ ಕೆಳಗೆ ಸವರುತ್ತೇನೆ. ಉಜ್ಜುವುದಿಲ್ಲ, ಹಿಂಡುವುದಿಲ್ಲ, ಟವೆಲಲ್ಲಿ ಒತ್ತುವುದಷ್ಟೇ. ಕಂಡಿಷನರ್ ನಡುವಿನಿಂದ ಕೆಳಕ್ಕೆ ಮಾತ್ರ. ಬೇಸಿಗೆ ತಾಗಿದರೆ ಗಂಟು ಸಡಿಲಾಗಿ ಎಳೆಗಳು ಜಾರುತ್ತವೆ.

ಸಣ್ಣಪುಟ್ಟದ್ದು ಕೆಲವು. ಹೆಲ್ಮೆಟ್ ತೊಂದರೆ ಇಲ್ಲ, ಒಳಗೆ ತೆಳ್ಳನೆ ನುಣುಪು ಬಟ್ಟೆ ಕಟ್ಟಿಕೊಂಡು, ತೆಗೆಯುವಾಗ ಮೆಲ್ಲಗೆ ನೇರ ಮೇಲಕ್ಕೆ ಎತ್ತಿ. ಈಜುಕೊಳಕ್ಕೆ ಬೇಡ, ಕ್ಲೋರಿನ್ ಬಣ್ಣ ತಿನ್ನುತ್ತದೆ. ಎಂಆರ್‌ಐ ಸ್ಕ್ಯಾನ್‌ಗೆ ಹೋದರೆ ತೆಗೆದಿಡಲೇಬೇಕು, ಕ್ಲಿಪ್ ಲೋಹದ್ದು. ಅಲ್ಲಿನ ಸಿಬ್ಬಂದಿಗೆ ಮೊದಲೇ ಹೇಳಿದರೆ ಪಕ್ಕದ ಕೋಣೆ ಕೊಡುತ್ತಾರೆ.

ಸ್ಟಾರ್ ಕೊಡುವುದಾದರೆ ಸಿಂಥೆಟಿಕ್‌ಗೆ ಮೂರು, ಈಗಿನದಕ್ಕೆ ನಾಲ್ಕು. ಒಂದು ಕಡಿತಗೊಳಿಸಿದ್ದು ಕ್ಲಿಪ್‌ಗೆ. ಇಷ್ಟು ದುಬಾರಿ ಪೀಸಿಗೆ ಹಲ್ಲಿನ ಹತ್ತಿರ ಮೆತ್ತನೆ ಸಿಲಿಕೋನ್ ಪಟ್ಟಿ ಇಲ್ಲದ ಕ್ಲಿಪ್ ಹೊಲಿದಿದ್ದಾರೆ. ನಾನೇ ಬಿಚ್ಚಿ ಪಟ್ಟಿ ಇರುವವನ್ನು ಸೂಜಿ ದಾರ ಹಿಡಿದು ಹೊಲಿದುಕೊಂಡೆ. ಒಂದು ಸಂಜೆಯ ಕೆಲಸ. ತರಿಸಿದ ಕೂಡಲೇ ನೀವೂ ಮೊದಲು ಅದನ್ನೇ ತಿರುಗಿಸಿ ನೋಡಿ.